ಒಂದು ಗಂಟೆಗೆ ಬರುತ್ತೇನೆ ಎಂದವರು

ಜೋಗೇಶ್ವರಿಯ ಸುಭಾಷ ಪ್ರೇಮದಾಸನ ದಿನ ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಶುರುವಾಗುತ್ತಿತ್ತು. ಎದ್ದು ಮುಖ ತೊಳೆದವನೇ ಅಡಿಗೆಮನೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಐದೂವರೆಯ ತನಕ ಪ್ರಾರ್ಥನೆಗೆ ಕೂರುತ್ತಿದ್ದ. ಅಷ್ಟು ಹೊತ್ತು ಹೆಂಡತಿ ಸ್ನೇಹಲ್ ಚಹಾಕ್ಕೆ ನೀರಿಡುವ ಹಾಗಿರಲಿಲ್ಲ. ವಾರದ ಏಳೂ ದಿನಗಳ ಹಾಳೆಯೊಂದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಸೋಮವಾರ ಸಂಜೆ ಕ್ವಾಯರ್ ಅಭ್ಯಾಸ, ಬುಧವಾರ ಯಾರದಾದರೂ ಮನೆಯಲ್ಲಿ ಪ್ರಾರ್ಥನಾ ಕೂಟ, ಶುಕ್ರವಾರ ಉಪವಾಸ, ಶನಿವಾರ ಮಧ್ಯಾಹ್ನ ಕಾಯಿಲೆಯವರ ಭೇಟಿ, ಭಾನುವಾರ ಇಡೀ ದಿನ ಸಭೆ. ಹಾಳೆಯ ಮೇಲ್ತುದಿಯಲ್ಲಿ ಕೆಂಪು ಶಾಯಿಯಲ್ಲಿ 'ದೇವರು ಮೊದಲು' ಎಂದು ಬರೆದಿತ್ತು.

ಅವನು ಬೀದರ ಜಿಲ್ಲೆಯ ಹುಮನಾಬಾದ್ ಕಡೆಯವನು. ತಂದೆ ಪ್ರೇಮದಾಸ ಮಾಸ್ತರರು ಮಿಷನ್ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು, ಹೊತ್ತು ಮೀರಿ ಬಂದ ಹುಡುಗನನ್ನು ಬಾಗಿಲ ಹೊರಗೇ ನಿಲ್ಲಿಸುತ್ತಿದ್ದವರು. ಸುಭಾಷ ಇಪ್ಪತ್ತೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು ಫೋರ್ಟಿನ ವಕೀಲರ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿ ಸೇರಿದ. ಈಗ ಅಲ್ಲಿಯ ಹೆಡ್ ಕ್ಲರ್ಕ್. ಅರ್ಜಿ ಒಂದು ದಿನ ತಡವಾದರೆ ಕೇಸೇ ಬಿದ್ದುಹೋಗುವ ಜಾಗ ಅದು. ಹಾಗಾಗಿ ಗಡಿಯಾರದ ಭಯ ಅವನಿಗೆ ಮನೆಯಿಂದಲೂ ಬಂದಿತ್ತು, ನೌಕರಿಯಿಂದಲೂ ಬಂದಿತ್ತು.

ಅವನ ಕನ್ನಡ ಕ್ರೈಸ್ತ ಸಭೆಗೆ ಸ್ವಂತ ಕಟ್ಟಡವಿರಲಿಲ್ಲ. ಫೋರ್ಟಿನಿಂದ ಹದಿನೈದು ನಿಮಿಷ ನಡೆದರೆ ಸಿಗುವ ಹಳೆಯ ಕ್ರೈಸ್ತ ದೇವಾಲಯವೊಂದರಲ್ಲಿ ಬೆಳಿಗ್ಗೆ ಏಳೂವರೆಗೆ ಮರಾಠಿ ಆರಾಧನೆ, ಹನ್ನೊಂದಕ್ಕೆ ಕನ್ನಡ ಆರಾಧನೆ. ಬೀದರ, ಕಲಬುರ್ಗಿ, ಸೋಲಾಪುರದ ಕಡೆಯ ತೊಂಬತ್ತು ಮನೆಗಳವರು ಕಲ್ಯಾಣದಿಂದ, ವಿರಾರದಿಂದ ಎರಡೆರಡು ಗಾಡಿ ಬದಲಿಸಿ ಬರುತ್ತಿದ್ದರು. ಸುಭಾಷ ಹದಿನಾಲ್ಕು ವರ್ಷದಿಂದ ಅದರ ಸೆಕ್ರೆಟರಿ. ಒಂದು ಭಾನುವಾರವನ್ನೂ ತಪ್ಪಿಸಿದವನಲ್ಲ. ಸಭೆಯ ಯೌವನಸ್ಥರಿಗೆ ಸಮಯದ ಬಗ್ಗೆ ಯಾರು ಹೇಳಬೇಕು ಎಂಬ ಮಾತು ಬಂದಾಗ ಎಲ್ಲರ ಕಣ್ಣೂ ಅವನ ಕಡೆಗೇ ತಿರುಗಿದ್ದು ಸಹಜವೇ.

ಆ ಶನಿವಾರ ಬೆಳಿಗ್ಗೆ ಹತ್ತಕ್ಕೆ ದೇವಾಲಯದ ಹಾಲ್‌ನಲ್ಲಿ ಭಾಷಣವಿತ್ತು. ಆಫೀಸಿಗೆ ರಜೆ ಹಾಕಿದ್ದ. ಆದರೂ ದಿನದ ಗಾಡಿಗೇ ಹೊರಟ, ಗೋರೆಗಾಂವ್‌ನಿಂದಲೇ ಹೊರಡುವ ಎಂಟು ಮೂವತ್ತೆಂಟರ ಸ್ಲೋ ಲೋಕಲ್‌ಗೆ. ಅದರಲ್ಲಿ ಅವನಿಗಾಗಿ ಒಂದು ಸೀಟು ಕಾದಿರುತ್ತಿತ್ತು.

ಸೀಟು ಹಿಡಿಯುತ್ತಿದ್ದವನು ಚಂದ್ರಾಮ. ಸುಭಾಷನ ಆಫೀಸಿದ್ದ ಹಳೆಯ ಕಟ್ಟಡದ ಲಿಫ್ಟ್‌ಮ್ಯಾನ್. ಇಂಡಿ ತಾಲ್ಲೂಕಿನವನು, ಐವತ್ತು ದಾಟಿದ ಸಣಕಲು ಮನುಷ್ಯ. ಗೋರೆಗಾಂವ್‌ನಲ್ಲಿ ಮನೆಯಿದ್ದ ಕಾರಣ ಖಾಲಿ ಗಾಡಿ ಹತ್ತಿ ಕಿಟಕಿ ಪಕ್ಕ ಕೂರುತ್ತಿದ್ದ. ಜೋಗೇಶ್ವರಿ ಬರುತ್ತಲೇ ಎದ್ದು ನಿಲ್ಲುತ್ತಿದ್ದ. "ಕುಂದರ್ರಿ ಸರ್, ನೀವ್ ಓದೂದಿರ್ತದ," ಎನ್ನುತ್ತಿದ್ದ. ಸುಭಾಷ ಕೂತು ಬೈಬಲಿನ ವೇದಪಾಠ ಓದುತ್ತಿದ್ದ, ಭಾನುವಾರದ ಪ್ರಕಟಣೆಗಳನ್ನು ಬರೆಯುತ್ತಿದ್ದ. ಚಂದ್ರಾಮ ಚರ್ಚ್‌ಗೇಟ್ ತನಕ ನಿಂತೇ ಬರುತ್ತಿದ್ದ. ಆಮೇಲೆ ಇಡೀ ದಿನ ಲಿಫ್ಟ್‌ನಲ್ಲೂ ನಿಂತಿರುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಮೊದಮೊದಲು ಬೇಡ ಎಂದಿದ್ದ ಸುಭಾಷ ಆಮೇಲೆ ಹಾಗೆನ್ನುವುದನ್ನೂ ಮರೆತಿದ್ದ. ಕ್ರಿಸ್ಮಸ್‌ಗೆ ಚಂದ್ರಾಮನ ಮನೆಗೆ ಒಂದು ಡಬ್ಬಿ ಕರ್ಜಿಕಾಯಿ ಕೊಟ್ಟು ಕಳಿಸುತ್ತಿದ್ದ.

ಆ ದಿನ ಚಂದ್ರಾಮ ಸೀಟಿನಿಂದ ಏಳಲಿಲ್ಲ. ಕಿವಿಗೆ ಫೋನ್ ಹಿಡಿದು ಕೂತಿದ್ದವನು ಸುಭಾಷನನ್ನು ಕಂಡದ್ದೇ ಅವನ ಮಣಿಕಟ್ಟು ಹಿಡಿದುಕೊಂಡ.

"ಸರ್, ನಮ್ ಶಿವಕುಮಾರಿಗಿ ಆರಾಮಿಲ್ರಿ. ಬಸರಿ ಅದಾಳ, ಎಂಟರಾಗ. ಬಿಪಿ ಭಾಳ ಏರೇದ ಅಂತ ಈಗರೆ ಸಯನ್‌ದಾಗ ದವಾಖಾನಿಗಿ ಹಾಕ್ಯಾರ. ಹಾಲವ್ವ ಒಬ್ಬಾಕಿನೇ ಅದಾಳ್ರಿ ಅಲ್ಲಿ."

ಶಿವಕುಮಾರಿ ಅವನ ಒಬ್ಬಳೇ ಮಗಳು. ಹಾಲವ್ವ ಹೆಂಡತಿ, ಮಗಳ ಮನೆಗೆಂದು ಹೋದವಳು.

"ಅಳಿಯ ಎಲ್ಲಿ?" ಎಂದ ಸುಭಾಷ.

"ಯಲ್ಲಾಲಿಂಗ ಪುಣೆ ಕಡಿ ಸೈಟಿನ್ಯಾಗ ಅದಾನ್ರಿ. ಸಂಜೀಕ ಬರ್ತಾನಂತ. ಸರ್, ಅಲ್ಲಿ ಎಲ್ಲಾ ಕಾಗದಪತ್ರ, ಮರಾಠಿ, ಇಂಗ್ಲಿಷ್. ನನಗ ಅಕ್ಷರ ಬರಂಗಿಲ್ಲ, ನಿಮಗ ಗೊತ್ತೇ ಅದ. ದಾದರದಾಗ ನನ್ ಕೂಡ ಇಳೀರಿ. ಇವತ್ತೊಂದಿನ."

ಹನ್ನೊಂದು ವರ್ಷದಲ್ಲಿ ಚಂದ್ರಾಮ ಅವನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಸುಭಾಷನ ಮನಸ್ಸು ಒಮ್ಮೆ ಇಳಿಯಲು ಎದ್ದಿತು. ಮರುಕ್ಷಣವೇ ಲೆಕ್ಕ ಹಾಕತೊಡಗಿತು. ಹಾಲ್‌ನಲ್ಲಿ ನಲವತ್ತು ಮಂದಿ ಕಾಯುತ್ತಿರುತ್ತಾರೆ. ಹತ್ತಕ್ಕೆ ಶುರು ಮಾಡಿದರೆ ಹನ್ನೊಂದೂವರೆಗೆ ಮುಗಿಯುತ್ತದೆ. ಅಲ್ಲಿಂದ ಸಯನ್‌ಗೆ ಒಂದು ಗಂಟೆ ಸಾಕು.

"ಚಂದ್ರಾಮ, ನಾ ಮಾತು ಕೊಟ್ಟೀನಿ, ದೇವರ ಕೆಲಸ ಅದ. ಮುಗಿಸಿ ಸೀದಾ ಅಲ್ಲಿಗೇ ಬರ್ತೀನಿ. ಒಂದು ಗಂಟೆಗೆ ನಿಮ್ ಮುಂದ ಇರ್ತೀನಿ, ಪಕ್ಕಾ."

"ಒಂದಕ್ಕ ಬರ್ತೀರಲ್ರಿ?"

"ಬರ್ತೀನಿ ಅಂದೀನಲ್ಲ."

ಮಾಹಿಮ್ ದಾಟುವಾಗ, ಇಳಿಯಲು ಎದ್ದು ನಿಂತ ಅವನ ಭುಜದ ಮೇಲೆ ಸುಭಾಷ ಕೈಯಿಟ್ಟು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ. ಸುತ್ತಲಿದ್ದವರು ನೋಡುತ್ತಿದ್ದರು. ಚಂದ್ರಾಮ ತಲೆ ತಗ್ಗಿಸಿ ನಿಂತಿದ್ದ. ದಾದರ ಬಂತು. ಇಳಿಯುವ ನೂಕುನುಗ್ಗಲಿನಲ್ಲಿ ಆ ತಲೆ ಕಾಣದಾಯಿತು. ಖಾಲಿಯಾದ ಸೀಟಿನಲ್ಲಿ ಕೂತು ಸುಭಾಷ ಭಾಷಣದ ಹಾಳೆ ಬಿಡಿಸಿದ.

ಭಾಷಣ ಅವನೇ ನಿರೀಕ್ಷಿಸದಷ್ಟು ಚೆನ್ನಾಗಿ ಬಂತು. ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಮಾತಾಡುವ ಆ ಹುಡುಗ ಹುಡುಗಿಯರಿಗೆ ಅವನು ಅವರದೇ ಧಾಟಿಯಲ್ಲಿ ಹೇಳಿದ. ದಿನಕ್ಕೆ ಇಪ್ಪತ್ನಾಲ್ಕು ಗಂಟೆ ದೇವರು ಎಲ್ಲರಿಗೂ ಸಮನಾಗಿ ಕೊಟ್ಟಿದ್ದಾನೆ, ಮೊಬೈಲ್‌ಗೆ ಎಷ್ಟು ಕೊಟ್ಟಿರಿ, ಆತನಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿದ. ತನ್ನ ಫ್ರಿಜ್ಜಿನ ಬಾಗಿಲಿನ ಹಾಳೆಯ ಬಗ್ಗೆ ಹೇಳಿ ನಗಿಸಿದ. ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೆಳಗಿಳಿದಾಗ ಹನ್ನೆರಡು. ಹೊರಡಬೇಕಾಗಿತ್ತು. ಅಷ್ಟರಲ್ಲಿ ಏಳೆಂಟು ಮಂದಿ ಸುತ್ತುವರಿದರು. "ಅಂಕಲ್, ಆ ಟೈಮ್‌ಟೇಬಲ್ ವಾಟ್ಸಾಪ್ ಮಾಡ್ತೀರಾ?" ಎಂದಳು ಒಬ್ಬಳು. ಫೋಟೋ ಆಯಿತು. ಸಭಾಪಾಲಕರು ಬಂದು ಬೆನ್ನು ತಟ್ಟಿ, ಊಟ ಮಾಡಿಯೇ ಹೋಗಬೇಕು, ಇದನ್ನೇ ಮೂರು ಪಾಠಗಳಾಗಿ ಮಾಡೋಣ, ಕೂತು ಮಾತಾಡೋಣ ಎಂದರು.

ಹನ್ನೆರಡು ಇಪ್ಪತ್ತಕ್ಕೆ ಅವನ ಫೋನ್ ಅಲುಗಿತು. ಪರದೆಯ ಮೇಲೆ ಚಂದ್ರಾಮನ ಹೆಸರಿತ್ತು. ಸುಭಾಷ ನೋಡಿದ. ಎದುರಿಗಿದ್ದ ಹುಡುಗಿ ತನ್ನ ಕಾಲೇಜಿನ ಕಷ್ಟ ಹೇಳುತ್ತಿದ್ದಳು. ಹೊರಟಿರಾ ಎಂದು ಕೇಳಲು ಮಾಡಿರಬೇಕು, ಹೇಗೂ ಹೊರಡುವವನೇ ಎಂದುಕೊಂಡು ಫೋನನ್ನು ಜೇಬಿಗೆ ಹಾಕಿದ. ಆಮೇಲೆ ಅದು ಆರು ಸಲ ಅಲುಗಿತು. ಊಟದ ತಾಟು ಕೈಯಲ್ಲಿದ್ದಾಗ ಒಮ್ಮೆ ಗೊತ್ತಾಯಿತು. ಉಳಿದದ್ದು ಗೊತ್ತಾಗಲಿಲ್ಲ.

ಸಯನ್ ಆಸ್ಪತ್ರೆಯ ಗೇಟು ತಲುಪಿದಾಗ ಮೂರು ಗಂಟೆ. ಚಂದ್ರಾಮ ಗೇಟಿನ ಹೊರಗೆ ಪಾನ್ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ಎದ್ದು ನಿಂತ, ಅಭ್ಯಾಸದಂತೆ.

"ಮಗಳು ಉಳದಾಳ್ರಿ ಸರ್. ಕೂಸು ಹೋತ್ರಿ. ಗಂಡಿತ್ತು."

ಸುಭಾಷ ಅವನ ಹಿಂದೆ ವಾರ್ಡಿನ ಕಡೆ ನಡೆದ. ನಡೆದದ್ದನ್ನು ಒಳಗೆ ಹಾಲವ್ವ ಹೇಳಿದಳು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಸೆರಗು ಹೊದ್ದು ಕೂತಿದ್ದಳು, ಅಳುತ್ತಿರಲಿಲ್ಲ. ಬೆಳಿಗ್ಗೆ ಎಲ್ಲ ಹತೋಟಿಯಲ್ಲೇ ಇತ್ತಂತೆ. ಹನ್ನೆರಡು ದಾಟಿದ ಮೇಲೆ ಶಿವಕುಮಾರಿಗೆ ಫಿಟ್ಸ್ ಬಂದು ಎಚ್ಚರ ತಪ್ಪಿತು. ಕೂಡಲೇ ಆಪರೇಷನ್ ಮಾಡಬೇಕು, ಸಹಿ ಹಾಕಿ ಎಂದು ಸಿಸ್ಟರ್ ಕಾಗದ ತಂದರು. ಹಿಂದಿಯಲ್ಲಿ ಹೇಳಿದರು, ಮರಾಠಿಯಲ್ಲಿ ಹೇಳಿದರು. ಇಬ್ಬರ ಜೀವಕ್ಕೂ ಅಪಾಯ ಎಂಬ ಮಾತಷ್ಟೇ ಚಂದ್ರಾಮನಿಗೆ ತಿಳಿಯಿತು. ಏನಾದರೂ ಆದರೆ ನಾವು ಜವಾಬ್ದಾರರಲ್ಲ ಎಂದು ಬರೆಸಿಕೊಳ್ಳುತ್ತಿದ್ದಾರೆ, ಹೆಬ್ಬೆಟ್ಟು ಒತ್ತಿದರೆ ಮಗಳನ್ನು ನಾವೇ ಬಿಟ್ಟುಕೊಟ್ಟ ಹಾಗೆ ಎಂದು ಹೆದರಿದ. "ನಮ್ಮ ಸರ್ ಒಂದು ಗಂಟೆಗೆ ಬರ್ತಾರ, ಕೋರ್ಟಿನ ಮಂದಿ, ಓದಿ ಹೇಳ್ತಾರ" ಎಂದ. ಫೋನ್ ಮಾಡಿದ, ಮತ್ತೆ ಮಾಡಿದ. ಸಿಸ್ಟರ್ ಎರಡನೇ ಸಲ ಬಂದರು, ಮೂರನೇ ಸಲ ಬಂದು ಬೈದರು. ಚಂದ್ರಾಮ ಗೇಟಿಗೆ ಓಡಿ ರಸ್ತೆ ನೋಡುತ್ತ ನಿಂತ. ಒಂದು ಹೊಡೆದು ಐದು ನಿಮಿಷಕ್ಕೆ ಹಾಲವ್ವ ತಾನೇ ಒಳಗೆ ಹೋಗಿ ಹೆಬ್ಬೆಟ್ಟು ಒತ್ತಿದಳು.

"ಡಾಕ್ಟರ್ ಏನಂತಾರ? ಮೊದಲೇ ಮಾಡಿದ್ರ..." ಎಂದು ಕೇಳಿದ ಸುಭಾಷ.

"ಹೇಳ್ಲಾಕ ಬರಂಗಿಲ್ಲ ಅಂದ್ರು," ಎಂದ ಪಕ್ಕದಲ್ಲಿ ನಿಂತಿದ್ದ ಚಂದ್ರಾಮ. "ಕೂಸು ಮೊದಲೇ ಸೊರಗಿತ್ತಂತ. ನೀವ್ ಮನಸಿಗಿ ಹಚ್ಕೋಬ್ಯಾಡ್ರಿ ಸರ್. ನಿಮ್ದೇನ್ ತಪ್ಪದ."

ಹಾಲವ್ವ ತಲೆ ಎತ್ತಿ ಸುಭಾಷನನ್ನು ನೋಡಿದಳು. ದನಿ ಏರಿಸಲಿಲ್ಲ.

"ನೀವ್ ಬರ್ತೀನಿ ಅಂದಿದ್ದಕ್ಕ ಕುಂತೆವ್ರಿ. ಬರಂಗಿಲ್ಲ ಅಂದಿದ್ರ ಬ್ಯಾರೆ ಯಾರನ್ನರೆ ಕೇಳ್ತಿದ್ದೆವು."

ಸಂಜೆ ಯಲ್ಲಾಲಿಂಗ ಬಂದ ಮೇಲೆ ಕೂಸನ್ನು ಮಣ್ಣು ಮಾಡಲು ಒಯ್ದರು. ಅದಕ್ಕೆ ಬೇಕಾದ ಕಾಗದಗಳನ್ನೆಲ್ಲ ಸುಭಾಷ ಓದಿದ, ಬರೆದ, ಕಿಟಕಿಯಿಂದ ಕಿಟಕಿಗೆ ಅಲೆದು ಮುದ್ರೆ ಹಾಕಿಸಿದ. ಆ ಕೆಲಸದಲ್ಲಿ ಅವನಷ್ಟು ಚುರುಕಿನವರು ಯಾರೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಸಿದ. ಬೆಳಿಗ್ಗೆ ದಾದರದಲ್ಲಿ ಇಳಿದಿದ್ದರೆ ಬೇಕಾಗುತ್ತಿದ್ದದ್ದೂ ಇಷ್ಟೇ ಎನ್ನುವುದು ಕೊನೆಯ ಮುದ್ರೆ ಬೀಳುವಾಗ ಅವನಿಗೆ ಹೊಳೆಯಿತು. ಇಳಿಯುವುದೂ ಬೇಡ, ಆ ಹನ್ನೆರಡು ಇಪ್ಪತ್ತಕ್ಕೆ ಫೋನ್ ಎತ್ತಿದ್ದರೂ ಸಾಕಾಗಿತ್ತು. ಸಿಸ್ಟರ್ ಹತ್ತಿರ ಕೊಡಿ ಎಂದು ಹೇಳಿ, ಎರಡು ಮಾತು ಕೇಳಿಸಿಕೊಂಡು, "ಚಂದ್ರಾಮ, ಒತ್ತು" ಎಂದಿದ್ದರೆ ಮುಗಿಯುತ್ತಿತ್ತು.

ಮರುದಿನ ಭಾನುವಾರ. ಆರಾಧನೆಯಲ್ಲಿ ಪ್ರಕಟಣೆ ಓದಲು ಎದ್ದು ನಿಂತಾಗ ಯೌವನಸ್ಥರ ಸಾಲಿನಿಂದ ಯಾರೋ ಅವನತ್ತ ಕೈ ಬೀಸಿದರು. ಅವನು ಹಾಳೆಯಿಂದ ಕಣ್ಣೆತ್ತದೆ ಓದಿ ಮುಗಿಸಿದ. ಆರಾಧನೆ ಮುಗಿದ ಮೇಲೆ ಸಭಾಪಾಲಕರ ಕೋಣೆಗೆ ಹೋಗಿ ಎಲ್ಲ ಹೇಳಿದ. ಅವರು ಒಳ್ಳೆಯವರು. ನೊಂದುಕೊಂಡರು. "ಬ್ರದರ್, ನೀವು ದೇವರ ಸೇವೆಯಲ್ಲಿ ಇದ್ದಿರಿ. ಆತನ ಚಿತ್ತ ನಮಗೆ ಹೇಗೆ ತಿಳಿಯಬೇಕು?" ಎಂದರು.

"ಇಲ್ರಿ ಪಾಸ್ಟರ್," ಎಂದ ಸುಭಾಷ. "ಹನ್ನೆರಡಕ್ಕೇ ಸೇವೆ ಮುಗಿದಿತ್ತು. ಆಮೇಲೆ ನಾ ಹೊಗಳಿಕಿ ಕೇಳ್ಕೋತ ನಿಂತಿದ್ದೆ. ಫೋನ್ ನೋಡೀನೂ ಇಟ್ಟೆ. ಅದಕ್ಕ ದೇವರ ಹೆಸರು ಹಚ್ಚಲಾಕ ಆಗಲ್ದು."

ಸಭಾಪಾಲಕರು ಪ್ರಾರ್ಥನೆ ಮಾಡೋಣ ಎಂದರು. ಸುಭಾಷ ಮೊಣಕಾಲೂರಿದ. ಆದರೆ ಕಣ್ಣು ಮುಚ್ಚಿದರೆ ಮಾಹಿಮ್ ದಾಟುವ ಗಾಡಿಯಲ್ಲಿ ತಾನು ಮಾಡಿದ ಪ್ರಾರ್ಥನೆಯೇ ಕಿವಿಗೆ ಬರುತ್ತಿತ್ತು. ಎಷ್ಟು ಸೊಗಸಾಗಿ ಮಾಡಿದ್ದೆ, ಸುತ್ತಲಿನವರು ಕೇಳಲಿ ಎಂದು ದನಿಯನ್ನೂ ಎತ್ತರಿಸಿದ್ದೆನೇ ಎಂದು ಅನುಮಾನ ಬಂತು.

ಮನೆಯಲ್ಲಿ ಸ್ನೇಹಲ್‌ಗೂ ಹೇಳಿದ. ಅವಳು ಬಟ್ಟೆ ಮಡಿಸುತ್ತಲೇ ಕೇಳಿಸಿಕೊಂಡಳು.

"ನನಗೆ ಕಾವೀಳ ಆಗಿ ಮಲಗಿದಾಗ ನೀವು ಕೂಟ ಮುಗಿಸಿ ಬರ್ತೀನಿ ಅಂತ ಹೋದ್ರಿ, ನೆನಪದ ಏನು?" ಎಂದಳು ಕೊನೆಗೆ. ಕಾವೀಳ ಎಂದರೆ ಮರಾಠಿಯಲ್ಲಿ ಕಾಮಾಲೆ, ಮದುವೆಯಾಗಿ ಮೂರನೇ ವರ್ಷದ ಮಾತು. "ನಾನು ಆವಾಗ ಏನೂ ಅನ್ನಲಿಲ್ಲ. ದೇವರ ಮ್ಯಾಲೆ ಹೊಟ್ಟೆಕಿಚ್ಚು ಪಡಬಾರದು ಅಂತ ಸುಮ್ಮನಾದೆ. ಅಂದಿದ್ರೆ ಚಲೋ ಇತ್ತೋ ಏನೋ."

ಅವನಿಗೆ ಅದು ನೆನಪೇ ಇರಲಿಲ್ಲ. ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು.

ಚಂದ್ರಾಮ ಹದಿನೈದು ದಿನ ಕೆಲಸಕ್ಕೆ ಬರಲಿಲ್ಲ. ಹದಿನಾರನೇ ದಿನ ಗಾಡಿಯಲ್ಲಿ ಕಿಟಕಿ ಪಕ್ಕ ಕೂತಿದ್ದ. ಜೋಗೇಶ್ವರಿಯಲ್ಲಿ ಸುಭಾಷ ಹತ್ತುತ್ತಲೇ ಎದ್ದು ನಿಂತ.

"ಕುಂದರ್ರಿ ಸರ್."

"ನೀ ಕೂಡು, ಚಂದ್ರಾಮ. ಇನ್ನ ಮ್ಯಾಲೆ ನೀನೇ ಕೂಡಬೇಕು."

"ಛೆ, ನೀವ್ ನಿಂತು ನಾ ಕುಂದರೂದಾ? ಓದ್ಕೋರಿ."

ಇಬ್ಬರೂ ನಿಂತೇ ಇದ್ದರು. ಅಂಧೇರಿಯಲ್ಲಿ ಹತ್ತಿದ ದಪ್ಪನೆಯ ಮನುಷ್ಯನೊಬ್ಬ ಇಬ್ಬರ ಮುಖ ನೋಡಿ ಆ ಸೀಟಿನಲ್ಲಿ ಕೂತುಬಿಟ್ಟ. ಚರ್ಚ್‌ಗೇಟ್ ತನಕ ಇಬ್ಬರೂ ಅವನ ತಲೆಯ ಮೇಲಿಂದ ಕಿಟಕಿಯಾಚೆ ನೋಡುತ್ತ ಹೋದರು. ಚಂದ್ರಾಮ ಬೈದಿದ್ದರೆ ಸುಭಾಷ ತಡೆದುಕೊಳ್ಳುತ್ತಿದ್ದ, ಬೇರೆ ಬೋಗಿ ಹತ್ತಿದ್ದರೂ ಒಪ್ಪಿಕೊಳ್ಳುತ್ತಿದ್ದ. ಈ ಮರ್ಯಾದೆಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಆ ಶನಿವಾರ ಅವನು ಗೋರೆಗಾಂವ್‌ನ ಅವರ ಚಾಳಿಗೆ ಹೋದ. ಶಿವಕುಮಾರಿ ಒಳಗೆ ಮಲಗಿದ್ದಳು. ಹಾಲವ್ವ ಹೊಸ್ತಿಲ ಬಳಿ ಚಾಪೆ ಹಾಸಿ ಕೂರಿಸಿದಳು. ಸುಭಾಷ ಕ್ಷಮೆ ಕೇಳಲು ಬಂದಿದ್ದ, ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ. ಅವನು ಬಾಯಿ ತೆರೆಯುವುದರೊಳಗೆ ಹಾಲವ್ವಳೇ ಅಂದಳು:

"ನನಗ ಮರಾಠಿ ಅಕ್ಷರ ಕಲಸ್ತೀರೇನ್ರಿ? ಇವ್ರಿಗಿ ಆಗೂದಿಲ್ಲ, ಇವ್ರು ಹೆದರ್ತಾರ. ಮಗಳು ಊರಾಗ ನಾಕನೇತ್ತೆ ತನಕ ಕಲ್ತಾಳ, ಬರೇ ಕನ್ನಡ. ಇನ್ನೊಮ್ಮೆ ಯಾರ ಹಾದೀನೂ ನೋಡ್ಕೋತ ಕುಂದರಬಾರ್ದು ಅನಸ್ತದ ನನಗ."

"ಕಲಸ್ತೀನಿ ತಾಯಿ. ಯಾವಾಗ ಬರ್ಲಿ?"

ಹಾಲವ್ವ ಎರಡು ಸೊಸೈಟಿಗಳಲ್ಲಿ ಮೆಟ್ಟಿಲು ಒರೆಸುವ ಕೆಲಸ ಮಾಡುತ್ತಿದ್ದಳು. ಬೆರಳು ಮಡಿಚಿ ಲೆಕ್ಕ ಹಾಕಿದಳು. "ಐತ್ವಾರ ಒಂದಿನ ಪುರಸೊತ್ತು. ಮುಂಜಾನಿ ಹನ್ನೊಂದಕ್ಕ."

ಭಾನುವಾರ ಹನ್ನೊಂದಕ್ಕೆ, ಕನ್ನಡ ಆರಾಧನೆಯ ಹೊತ್ತಿಗೇ. ಸುಭಾಷ ಬೇರೆ ಹೊತ್ತು ಆಗದೇ ಎಂದು ಕೇಳಲು ಹೊರಟವನು ತಡೆದು, ಆಗಲಿ ಎಂದ.

ಸಭೆಯಲ್ಲಿ ಗುಲ್ಲಾಯಿತು. ಕಮಿಟಿಯವರು ಕೂರಿಸಿಕೊಂಡು ಮಾತಾಡಿದರು. ಪಾಪ ಅನಿಸಿದರೆ ಸಹಾಯ ಮಾಡಿ, ಆದರೆ ಆರಾಧನೆ ಬಿಟ್ಟು ಮಾಡುವುದು ಯಾವ ಸೀಮೆಯ ನ್ಯಾಯ, ಎಳೆಯರಿಗೆ ನೀವೇ ಹೇಳಿದ್ದೇನು ಎಂದರು. ತಾನು ಮಾಡುತ್ತಿರುವುದು ಸರಿಯೆಂಬ ಧೈರ್ಯ ಅವನಿಗೂ ಇರಲಿಲ್ಲ. ಇದೂ ತನ್ನ ಮನಸ್ಸಿನ ಸಮಾಧಾನಕ್ಕೇ ಇರಬಹುದು, ದೇವರಿಗೂ ಅಲ್ಲದ, ಹಾಲವ್ವನಿಗೂ ಅಲ್ಲದ ಕೆಲಸ ಇರಬಹುದು ಎಂದು ಅಳುಕುತ್ತಲೇ ಸೆಕ್ರೆಟರಿ ಕೆಲಸವನ್ನು ಬಿಟ್ಟುಕೊಟ್ಟ. ಏಳೂವರೆಯ ಮರಾಠಿ ಆರಾಧನೆಗೆ ಹೋಗತೊಡಗಿದ. ಆಫೀಸಿನ ಮರಾಠಿ ಬೇರೆ, ಪ್ರಾರ್ಥನೆಯ ಮರಾಠಿ ಬೇರೆ. ಹಾಡುಗಳು ನಾಲಿಗೆಗೆ ಹೊಂದಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಯಾರಿಗೂ ಅವನ ಪರಿಚಯವಿರಲಿಲ್ಲ. ಮುಗಿದದ್ದೇ ಚರ್ಚ್‌ಗೇಟ್‌ಗೆ ನಡೆದು ಗಾಡಿ ಹಿಡಿದು ಹನ್ನೊಂದಕ್ಕೆ ಹತ್ತು ನಿಮಿಷ ಮೊದಲೇ ಚಾಳಿನ ಬಾಯಲ್ಲಿರುತ್ತಿದ್ದ. ಫ್ರಿಜ್ಜಿನ ಮೇಲಿನ ಹಾಳೆಯನ್ನು ಸ್ನೇಹಲ್ ಒಂದು ದಿನ ತಾನೇ ಕಿತ್ತು ತೆಗೆದಳು. ಅವನು ಯಾಕೆಂದು ಕೇಳಲಿಲ್ಲ.

ಹಾಲವ್ವ ನಿಧಾನವಾಗಿ ಕಲಿತಳು. ಅಕ್ಷರದ ಮೇಲಿನ ಗೆರೆ ಎಳೆಯುವುದೆಂದರೆ ಅವಳಿಗೆ ಸಿಟ್ಟು. ಮಳೆಗಾಲ ಮುಗಿಯುವ ಹೊತ್ತಿಗೆ ಬಸ್ಸಿನ ಬೋರ್ಡನ್ನು ಕೂಡಿಸಿ ಕೂಡಿಸಿ ಓದತೊಡಗಿದಳು. ಚಂದ್ರಾಮ ಪಾಠದ ಹೊತ್ತಿಗೆ ಹೊರಗೆ ಹೋಗಿಬಿಡುತ್ತಿದ್ದ. ಶಿವಕುಮಾರಿ ಆ ದಿನಗಳಲ್ಲಿ ತವರಿನಲ್ಲೇ ಇದ್ದಳು. ಒಳಗಿನಿಂದ ಚಹಾ ತಂದಿಟ್ಟು ಹೋಗುತ್ತಿದ್ದಳು. ಅವನ ಜೊತೆ ಒಂದು ಮಾತೂ ಆಡಿರಲಿಲ್ಲ.

ದಸರೆ ಕಳೆದ ಮೇಲಿನ ಒಂದು ಭಾನುವಾರ ಹಾಲವ್ವ ನೀರು ಹಿಡಿಯಲು ನಲ್ಲಿಯ ಕಡೆ ಹೋಗಿದ್ದಳು. ಶಿವಕುಮಾರಿ ಚಹಾದ ಲೋಟ ಇಟ್ಟವಳು ಹೋಗದೆ ಬಾಗಿಲಿಗೆ ಒರಗಿ ನಿಂತಳು.

"ಸರ್, ಅವತ್ತ ನೀವ್ ಏನ್ ಭಾಷಣಾ ಮಾಡಿದ್ರಿ?"

ಸುಭಾಷನ ಕೈಯ ಪೆನ್ಸಿಲ್ ನಿಂತಿತು. ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು.

"ದೇವರು ಕೊಟ್ಟ ಹೊತ್ತನ್ನು ಹ್ಯಾಂಗ ಬಳಸಬೇಕು ಅಂತ ಹೇಳ್ದೆ ತಂಗಿ."

"ಚಲೋ ಆಯ್ತೇನ್ರಿ?"

"ಎಲ್ಲಾರೂ ಚಪ್ಪಾಳಿ ಹೊಡದ್ರು," ಎಂದ ಸುಭಾಷ. ಸುಳ್ಳು ಹೇಳಬಾರದೆಂದು ಹೇಳಿದ್ದಷ್ಟೇ. ಆದರೆ ಆ ಸಣ್ಣ ಕೋಣೆಯಲ್ಲಿ ಅದು ಬೇರೆಯೇ ಮಾತಾಗಿ ಕೇಳಿಸಿತು.

ಶಿವಕುಮಾರಿ ತಲೆಯಾಡಿಸಿ ಒಳಗೆ ಹೋದಳು. ಹಾಲವ್ವ ಕೊಡ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಎದುರು ಕೂತಳು. ಅವನು ಪಾಠ ಮುಂದುವರಿಸಿದ. ಎರಡು ಸಲ ಅಕ್ಷರ ತಪ್ಪು ಬರೆದ. ಹಾಲವ್ವಳೇ ತಿದ್ದಿದಳು.

ಮುಂದಿನ ಭಾನುವಾರ ಬಾಗಿಲು ತೆರೆದದ್ದು ಹಾಲವ್ವ ಅಲ್ಲ, ಶಿವಕುಮಾರಿ. ಬರ್ರಿ ಎನ್ನಲಿಲ್ಲ. ಪಕ್ಕಕ್ಕೆ ಸರಿದು, ಅವನು ಒಳಗೆ ಬರಲು ದಾರಿ ಬಿಟ್ಟಳು.